ದಂಪತಿಗಳ ಪರದೇಶ ಪ್ರಯಾಣ

ಕಾರ್ಕಳ ತಾಲೂಕಿನ ನಿಟ್ಟೆಯಿಂದ ನಮ್ಮ ಹಳೆಯ ವಾಚಕರೊಬ್ಬರು ಒಂದು ಕಾಗದವನ್ನು ಬರೆದಿರುವರು. ಅವರ ಮಗನಿಗೆ ವಿವಾಹವಾಗಿ ವರ್ಷ ತುಂಬಿಲ್ಲ. ಮಗನೂ ಸೊಸೆಯೂ ಕೂಡಿ ದುಬೈ, ಮಸ್ಕತ್ ನಗರಗಳನ್ನು ನೋಡಿ, ಅನುಕೂಲವಾದರೆ ಸೌದಿ ಅರೇಬಿಯದ ರಿಯಾದಿಗೂ ಹೋಗಿಬರಲು ಮನಸ್ಸು ಮಾಡಿರುವರಂತೆ. ಇದನ್ನು ಕೇಳಿದ ನೆಂಟರಿಷ್ಟರಲ್ಲಿ ಕೆಲವರು, ಅಷ್ಟೊಂದು ಕಟ್ಟುಪಾಡುಗಳಿರುವ ನಾಡಿಗೆ ಹೊಸ ಸೊಸೆಯನ್ನು ಕಳುಹುವುದೆ ಎಂದು ಗಾಬರಿಪಡಿಸುತ್ತಿರುವರು. ಮತ್ತೆ ಕೆಲವರು, ಕಾಲ ಬದಲಾಯಿತು, ಈಗ ಅಲ್ಲಿ ಯಾವ ನಿರ್ಬಂಧವೂ ಇಲ್ಲ, ಇಷ್ಟ ಬಂದಂತೆ ಇದ್ದು ಬರಬಹುದು ಎಂದು ಧೈರ್ಯ ಹೇಳುತ್ತಿರುವರು. ಎರಡು ಪಕ್ಷದವರ ಮಾತೂ ಸೊಸೆಯ ಉಡುಪಿನ ಸುತ್ತಲೇ ತಿರುಗುತ್ತಿದೆಯೆಂದು ಬರೆದು, ಈ ವಿಷಯದಲ್ಲಿ ಪತ್ರಿಕೆಯ ಅಭಿಪ್ರಾಯವೇನೆಂದು ಕೇಳಿರುವರು.

ಪ್ರಶ್ನೆಯು ಒಂದು ಮನೆಯದಾದರೂ ಉತ್ತರವು ಹಲವು ಮನೆಗಳಿಗೆ ಬೇಕಾದುದು. ಆದುದರಿಂದ ಇಲ್ಲಿಯೇ ಬರೆಯುತ್ತೇವೆ. ದಂಪತಿಗಳು ಸುಖವಾಗಿ ಹೋಗಿಬರಲಿ. ಆದರೆ ನೆಂಟರು ಸೀರೆಯ ಸೆರಗಿನಲ್ಲಿ ಹುಡುಕುತ್ತಿರುವ ಅಪಾಯವು ಬಹುಮಟ್ಟಿಗೆ ಪೆಟ್ಟಿಗೆಯಲ್ಲಿಯೂ, ಕಾಗದಪತ್ರಗಳಲ್ಲಿಯೂ, ಕೈಯಲ್ಲಿರುವ ಮೊಬೈಲಿನಲ್ಲಿಯೂ ಇರುವುದೆಂಬುದನ್ನು ಹೊರಡುವ ಮುಂಚೆ ತಿಳಿದಿರಬೇಕು.

ಸಮುದ್ರ ದಾಟುವುದೆಂದರೆ ನಮ್ಮ ಕರಾವಳಿಗೆ ಹೊಸತೇನಲ್ಲ. ಅದಕ್ಕೆ ಹೆದರುವುದೂ ಹೊಸತಲ್ಲ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು 1132ರ ಹೊತ್ತಿಗಾಗಲೇ ಮಂಗಳೂರಿನಲ್ಲಿ ನೆಲಸಿ, ಅಶು ಎಂಬ ಈ ನಾಡಿನ ಹೆಣ್ಣಿನೊಡನೆ ಸಂಸಾರ ಹೂಡಿ, 1149ರಲ್ಲಿ ತನ್ನ ಮಕ್ಕಳನ್ನು ಕರೆದುಕೊಂಡು ಏಡನಿಗೆ ಹಿಂತಿರುಗಿದ ಸಂಗತಿಯು ಕೈರೋ ನಗರದ ಹಳೆಯ ಯಹೂದಿ ಮಂದಿರದಲ್ಲಿ ಉಳಿದುಬಂದ ಓಲೆಗಳಿಂದ ತಿಳಿದುಬಂದಿದೆ. ಅತ್ತ ಸಮುದ್ರೋಲ್ಲಂಘನದ ದೋಷವನ್ನು ಎಣಿಸುವವರೂ ನಮ್ಮಲ್ಲಿಯೇ ಇದ್ದರು. ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥರು ವಿದೇಶ ಸಂಚಾರ ಮಾಡಿದರೆಂಬ ಕಾರಣಕ್ಕೆ 2008ರ ಪರ್ಯಾಯದ ಸಮಯದಲ್ಲಿ ಉಡುಪಿಯಲ್ಲಿ ಎಷ್ಟು ಚರ್ಚೆಯಾಯಿತೆಂಬುದು ವಾಚಕರಿಗೆ ನೆನಪಿರಬಹುದು. ಅದೇ ಯತಿಗಳು 2024ರ ಜನವರಿಯಲ್ಲಿ ನಾಲ್ಕನೆಯ ಪರ್ಯಾಯಕ್ಕೆ ಪೀಠವೇರಿದರು. ಊರು ಮಾತಾಡುತ್ತದೆ, ಕಾಲಕ್ರಮದಲ್ಲಿ ಒಗ್ಗಿಕೊಳ್ಳುತ್ತದೆ. ನೆಂಟರ ಗಾಬರಿಯೂ ಅಷ್ಟೇ ಆಯುಷ್ಯದ್ದು.

ಹೊಸತಾದುದು ಬೇರೊಂದು. 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಆರಂಭವಾಗುವ ಮೊದಲೂ ಆಮೇಲೂ ನಮ್ಮ ಜಿಲ್ಲೆಯ ಗಂಡಸರು ಅರಬ್ ನಾಡುಗಳಿಗೆ ಹೋದುದು ದುಡಿಮೆಗಾಗಿ. ಗಂಡ ಅಲ್ಲಿ, ಹೆಂಡತಿ ಇಲ್ಲಿ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಜೆ. ಹಾಗೆ ಹೋದವನಿಗೆ ಅಲ್ಲಿ ಊರವನೊಬ್ಬ ಕಾದಿರುತ್ತಿದ್ದನು. ಎಲ್ಲಿ ಉಗುಳಬಾರದು, ಯಾರ ಎದುರು ಏನು ಮಾತಾಡಬಾರದು, ಯಾವ ಓಣಿಗೆ ಹೋಗಬಾರದು ಎಂಬುದನ್ನು ಮೊದಲನೆಯ ರಾತ್ರಿಯೇ ಕೋಣೆಯಲ್ಲಿ ಕುಳ್ಳಿರಿಸಿ ಹೇಳಿಕೊಡುತ್ತಿದ್ದನು. ಈಗ ನಿಟ್ಟೆಯಂತಹ ಊರುಗಳಿಂದ ಹೊರಡುವವರು ಬೇರೆ ತೆರನಾದವರು. ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು 1979ರಲ್ಲಿ ಅಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿ, 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದ ಮೇಲೆ ಕಾರ್ಕಳ–ಪಡುಬಿದ್ರಿ ರಸ್ತೆಯ ಆ ಹಳ್ಳಿಯ ರೂಪವೇ ಬದಲಾಯಿತು. ಕಲಿತ ಮಕ್ಕಳು ಸಂಬಳ ತರುವರು, ಮದುವೆಯಾಗುವರು, ಇಬ್ಬರೂ ಜೊತೆಯಾಗಿ ಪ್ರಪಂಚ ನೋಡಲು ಹೊರಡುವರು. ಇದು ಸಂತೋಷದ ವಿಷಯವೇ. ಆದರೆ ದುಡಿಯಲು ಹೋದವನಿಗಿದ್ದ ಆ ಊರವನು, ನೋಡಲು ಹೋಗುವವರಿಗೆ ಇಲ್ಲ. ಟಿಕೇಟು ಕೊಡುವವನು ಹೋಟೆಲಿನ ಈಜುಕೊಳದ ಚಿತ್ರವನ್ನು ತೋರಿಸುವನೇ ಹೊರತು ಆ ದೇಶದ ಕಾಯಿದೆಯನ್ನು ಓದಿ ಹೇಳನು.

ಮೊದಲು ನೆಂಟರ ಎರಡು ಪಕ್ಷಗಳನ್ನು ವಿಚಾರಿಸೋಣ. ಕಾಲ ಬದಲಾಯಿತೆಂಬವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಸೌದಿ ಅರೇಬಿಯದಲ್ಲಿ ಹೆಂಗಸರು ಮೋಟಾರು ನಡೆಸಬಾರದೆಂಬ ನಿಷೇಧವು 2018ರ ಜೂನಿನಲ್ಲಿ ತೊಲಗಿತು. 2019ರ ಸೆಪ್ಟೆಂಬರಿನಲ್ಲಿ ಆ ದೇಶವು ಪ್ರವಾಸಿಗಳಿಗಾಗಿಯೇ ವೀಸಾ ಕೊಡಲು ತೊಡಗಿತು. ಆಗಿನ ಮೊದಲ ಪಟ್ಟಿಯ 49 ದೇಶಗಳಲ್ಲಿ ನಮ್ಮದು ಇರಲಿಲ್ಲವೆಂಬುದು ಬೇರೆ ಮಾತು. ವಿದೇಶೀಯ ಹೆಂಗಸರು ನಿಲುವಂಗಿಯನ್ನು ಹೊದೆಯಲೇಬೇಕೆಂಬ ಕಡ್ಡಾಯವನ್ನು ಬಿಟ್ಟು, ಮೈಮುಚ್ಚುವ ಮರ್ಯಾದೆಯ ಉಡುಪು ಸಾಕೆಂದರು. ಅದೇ ವರ್ಷದ ಅಕ್ಟೋಬರಿನಲ್ಲಿ, ವಿದೇಶೀಯ ಸ್ತ್ರೀಪುರುಷರು ಹೋಟೆಲಿನಲ್ಲಿ ಒಂದೇ ಕೋಣೆ ಹಿಡಿಯಲು ವಿವಾಹದ ದಾಖಲೆ ತೋರಿಸಬೇಕಾಗಿಲ್ಲವೆಂದೂ ಆಯಿತು. ದುಬೈ, ಅಬುಧಾಬಿಗಳನ್ನೊಳಗೊಂಡ ಸಂಯುಕ್ತ ಅರಬ್ ಸಂಸ್ಥಾನವು 2020ರ ನವೆಂಬರಿನಲ್ಲಿ, ಮದುವೆಯಾಗದವರು ಒಂದೇ ಮನೆಯಲ್ಲಿ ವಾಸಿಸುವುದನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಿತು.

ಇಷ್ಟಾದರೂ ಇಷ್ಟ ಬಂದಂತೆ ಇರಬಹುದೆಂಬ ತೀರ್ಮಾನ ಮಾತ್ರ ತಪ್ಪು. ಪ್ರವಾಸಿಗಳಿಗೆ ಬಾಗಿಲು ತೆರೆದ ಆ 2019ರಲ್ಲಿಯೇ ಸೌದಿ ಸರಕಾರವು ಸಾರ್ವಜನಿಕ ಸಭ್ಯತೆಯ ನಿಯಮಗಳೆಂದು ಹತ್ತೊಂಬತ್ತು ಬಗೆಯ ತಪ್ಪುಗಳಿಗೆ ಜುಲ್ಮಾನೆಯನ್ನು ಗೊತ್ತುಪಡಿಸಿತು. ಬೀದಿಯಲ್ಲಿ ಪ್ರಣಯ ಚೇಷ್ಟೆ, ಅಸಭ್ಯ ಉಡುಪು, ಒಪ್ಪಿಗೆಯಿಲ್ಲದೆ ಇತರರ ಫೋಟೋ ತೆಗೆಯುವುದು, ಪ್ರಾರ್ಥನೆಯ ಹೊತ್ತಿನಲ್ಲಿ ಸಂಗೀತ ಹಾಕುವುದು—ಇವು ಅದರೊಳಗೆ ಸೇರಿವೆ. ಉಗುಳುವುದೂ, ಸರತಿಯ ಸಾಲನ್ನು ಮುರಿಯುವುದೂ ಸೇರಿವೆ. (ಈ ಕೊನೆಯ ಎರಡನ್ನು ನಮ್ಮ ಪುರಸಭೆಗಳು ಎರವಲು ತಂದರೆ ನಾವು ವಿರೋಧಿಸುವವರಲ್ಲ.) 2010ರಲ್ಲಿ ದುಬೈಯ ಉಪಾಹಾರಗೃಹವೊಂದರಲ್ಲಿ ಎಲ್ಲರೆದುರು ಮುತ್ತಿಟ್ಟುಕೊಂಡರೆಂಬ ಆಪಾದನೆಯ ಮೇಲೆ ಇಂಗ್ಲೆಂಡಿನ ಯುವಕ ಯುವತಿಯರಿಬ್ಬರಿಗೆ ಒಂದು ತಿಂಗಳ ಸೆರೆ ವಿಧಿಸಲ್ಪಟ್ಟಿತು. ಅಲ್ಲಿ ಕಾಯಿದೆ ಸಡಿಲವಾಗಿರಬಹುದು. ಪಕ್ಕದ ಮೇಜಿನವನು ದೂರು ಕೊಡುವ ಹಕ್ಕು ಸಡಿಲವಾಗಿಲ್ಲ.

ಇನ್ನು, ಕಟ್ಟುಪಾಡೆಂದೊಡನೆ ಅರಬ್ ನಾಡುಗಳನ್ನಷ್ಟೇ ನೆನೆಯುವುದು ನಮ್ಮವರ ಅಭ್ಯಾಸ. ಬಾಲಿ ದ್ವೀಪವು ಹಿಂದೂಗಳ ನಾಡು, ಅಲ್ಲಿ ಎಲ್ಲವೂ ನಮ್ಮದೇ ಎಂದು ಹೋಗುವ ನವದಂಪತಿಗಳು ಬಹಳ. ಅಲ್ಲಿಯ ದೇವಾಲಯದ ಬಾಗಿಲಲ್ಲಿ ಗಂಡಸರೂ ಹೆಂಗಸರೂ ಸೊಂಟಕ್ಕೆ ಮುಂಡಿನಂತಹ ಬಟ್ಟೆಯನ್ನು ಸುತ್ತಿ, ಮೇಲೊಂದು ಪಟ್ಟಿ ಬಿಗಿಯಬೇಕು. ಮುಟ್ಟಾದ ಹೆಂಗಸರು ಒಳಗೆ ಹೋಗಬಾರದೆಂಬ ಫಲಕವೂ ಇರುವುದು. ಆ ದ್ವೀಪವು ಸೇರಿರುವ ಇಂಡೋನೇಷ್ಯವು 2022ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಹೊಸ ದಂಡಸಂಹಿತೆಯು 2026ರ ಜನವರಿಯಿಂದ ಜಾರಿಗೆ ಬಂದಿದೆ. ಅದರಂತೆ ವಿವಾಹಬಾಹಿರ ದೇಹಸಂಬಂಧವು ಶಿಕ್ಷಾರ್ಹವಾದರೂ, ಗಂಡ ಅಥವಾ ಹೆಂಡತಿ, ತಂದೆತಾಯಿ, ಇಲ್ಲವೆ ಮಕ್ಕಳು ದೂರಿತ್ತರೆ ಮಾತ್ರ ಮೊಕದ್ದಮೆ. ಪಕ್ಕದ ಭೂತಾನದಲ್ಲಿ 2019ರಲ್ಲಿ ನಮ್ಮ ದೇಶದ ಪ್ರವಾಸಿಯೊಬ್ಬನು ಬೌದ್ಧ ಸ್ತೂಪದ ಮೇಲೆ ಹತ್ತಿ ನಿಂತು ಫೋಟೋ ತೆಗೆಸಿಕೊಂಡು ಪೋಲೀಸರ ವಿಚಾರಣೆಗೆ ಗುರಿಯಾದನು. ನಮ್ಮ ಕಾರ್ಕಳದ ಗೊಮ್ಮಟೇಶ್ವರನ ಪಾದದ ಮೇಲೆ ಪರದೇಶಿಯೊಬ್ಬನು ಬೂಟುಗಾಲಿನಲ್ಲಿ ಹತ್ತಿ ನಿಂತಿದ್ದರೆ ನಾವು ಸುಮ್ಮನಿರುತ್ತಿದ್ದೆವೆ?

ಈ ಹೋಲಿಕೆಯನ್ನು ಇನ್ನಷ್ಟು ಮುಂದುವರಿಸಬಹುದು. ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಗಂಡಸರು ಅಂಗಿ ಕಳಚಿ ದರ್ಶನಕ್ಕೆ ಹೋಗುವ ರೂಢಿಯಿದೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನ ಬೆಟ್ಟಕ್ಕೆ ಚಪ್ಪಲಿ ಮೆಟ್ಟಿ ಹೋಗುವವರಿಲ್ಲ. ನಿಟ್ಟೆಯ ನೆರೆಯ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗೆ ಜನವರಿಯ ಜಾತ್ರೆಯಲ್ಲಿ ಎಲ್ಲ ಜಾತಿಮತದವರೂ ಮೋಂಬತ್ತಿ ಹಿಡಿದು ಹೋಗುವರು. ಅಲ್ಲಿ ಹೇಗೆ ಉಡಬೇಕು, ಹೇಗೆ ನಿಲ್ಲಬೇಕೆಂದು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಭೂತದ ಕೋಲದಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಮಗುವಿಗೂ ಗೊತ್ತು. ಇಂತಹ ಊರಿನಲ್ಲಿ ಬೆಳೆದ ಹುಡುಗಿಗೆ, ಅಬುಧಾಬಿಯ ಷೇಖ್ ಜಾಯೆದ್ ಮಸೀದಿಯಲ್ಲಿ ತಲೆಯ ಮೇಲೆ ಬಟ್ಟೆ ಹೊದ್ದು ನಡೆಯುವುದು ಕಷ್ಟವಾಗಲಾರದು. 2024ರ ಫೆಬ್ರವರಿಯಲ್ಲಿ ಅದೇ ಅಬುಧಾಬಿಯಲ್ಲಿ ತೆರೆದ ಹಿಂದೂ ಮಂದಿರದಲ್ಲಿಯೂ ಉಡುಪಿನ ನಿಯಮವಿದೆ. ಮಸ್ಕತಿನಲ್ಲಿ ನೂರು ವರ್ಷಕ್ಕೂ ಮಿಕ್ಕಿದ ಶಿವಾಲಯವಿದೆ; ಹೋದವರು ಕಂಡುಬರಲಿ.

ಆದರೆ ಒಂದು ಅನ್ಯಾಯವನ್ನು ಇಲ್ಲಿ ಹೇಳದಿರಲಾರೆವು. ಯೋಜನೆಯ ಮಾತೆತ್ತಿದೊಡನೆ ಎಲ್ಲ ನಿಯಮಗಳೂ ಹೆಂಡತಿಯ ತಲೆಯ ಮೇಲೆ ಬೀಳುವುವು. ಅವಳ ಕುಪ್ಪಸದ ತೋಳು ಎಷ್ಟುದ್ದ, ಅವಳು ನಗುವುದು ಎಷ್ಟು ಗಟ್ಟಿ, ಅವಳು ಟ್ಯಾಕ್ಸಿಯಲ್ಲಿ ಎಲ್ಲಿ ಕೂರಬೇಕು ಎಂದು ಮಾವನಿಂದ ಮೈದುನನ ವರೆಗೆ ಎಲ್ಲರೂ ವಿಧಿಸುವರು. ಮಗನಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅವನು ಮೊಣಕಾಲಿನ ಮೇಲಿನ ಚಡ್ಡಿ ತೊಟ್ಟು ಮಸೀದಿಯ ಬಾಗಿಲಿಗೆ ಹೋದರೆ ಅವನನ್ನೂ ತಡೆಯುವರೆಂಬುದಾಗಲಿ, ಬುರುಖಾ ತೊಟ್ಟ ಹೆಂಗಸರ ಕಡೆಗೆ ಅವನು ಕ್ಯಾಮರಾ ತಿರುಗಿಸಿದರೆ ಅಪರಾಧವೆಂಬುದಾಗಲಿ, ರಂಜಾನಿನ ಹಗಲಿನಲ್ಲಿ ಅವನು ಬೀದಿಯಲ್ಲಿ ಸಿಗರೇಟು ಹಚ್ಚಬಾರದೆಂಬುದಾಗಲಿ, ಕುಡಿದು ಬೀದಿಗೆ ಬಂದರೆ ಸೆರೆಯೆಂಬುದಾಗಲಿ ಯಾರ ಗಮನಕ್ಕೂ ಬಾರದು. ನಮಗೆ ತಿಳಿದಮಟ್ಟಿಗೆ ಇಂತಹ ದೇಶಗಳಲ್ಲಿ ಸಿಕ್ಕಿಬಿದ್ದ ನಮ್ಮವರ ಹೆಚ್ಚಿನ ಸಂಗತಿಗಳಿಗೂ ಹೆಂಗಸರ ಸೆರಗಿಗೂ ಸಂಬಂಧವೇ ಇಲ್ಲ. ಗಂಡಹೆಂಡಿರಿಬ್ಬರೂ ಜೊತೆಯಲ್ಲಿ ಕೂತು, ಒಂದೇ ಕಾಗದದಲ್ಲಿ ಇಬ್ಬರ ನಿಯಮಗಳನ್ನೂ ಬರೆದುಕೊಂಡು, ಯಾವುದು ತಮಗೆ ಒಪ್ಪಿಗೆ, ಯಾವುದು ಅಲ್ಲವೆಂದು ತೀರ್ಮಾನಿಸಲಿ. ತಲೆಗೆ ಬಟ್ಟೆ ಹೊದೆಯಲು ಅವಳಿಗೆ ಮನಸ್ಸಿಲ್ಲದಿದ್ದರೆ, ಅದನ್ನು ಕಡ್ಡಾಯ ಮಾಡಿದ ನಾಡಿಗೆ ಹೋಗದಿರುವುದು ಇಬ್ಬರ ತೀರ್ಮಾನವಾಗಬೇಕು. ಅಲ್ಲಿಗೆ ಹೋಗಿಳಿದ ಮೇಲೆ ಗಂಡನು ಗದರಿಸಿ ಹೊದೆಯಿಸುವುದಾಗಬಾರದು.

ಈಗ ಪೆಟ್ಟಿಗೆಯ ವಿಚಾರಕ್ಕೆ ಬರುತ್ತೇವೆ.

2019ರ ಜುಲೈಯಲ್ಲಿ ಮುಂಬಯಿಯ ದಂಪತಿಗಳು ಕತಾರ್ ದೇಶಕ್ಕೆ ವಿಹಾರಕ್ಕೆಂದು ಹೋದರು. ಪ್ರಯಾಣದ ಖರ್ಚನ್ನು ಹತ್ತಿರದ ಬಂಧುವೊಬ್ಬರೇ ಉಡುಗೊರೆಯಾಗಿ ಕೊಟ್ಟಿದ್ದರು; ಜೊತೆಗೆ, ಅಲ್ಲಿಯ ಪರಿಚಿತರಿಗೆ ಮುಟ್ಟಿಸಲೆಂದು ಒಂದು ಕಟ್ಟನ್ನೂ ಕೊಟ್ಟಿದ್ದರು. ಒಳಗಿರುವುದು ತಿನ್ನುವ ಹೊಗೆಸೊಪ್ಪೆಂದು ಹೇಳಲಾಗಿತ್ತು. ದೋಹಾದ ವಿಮಾನ ನಿಲ್ದಾಣದಲ್ಲಿ ಬಿಚ್ಚಿದಾಗ ಅದರಲ್ಲಿ ನಾಲ್ಕು ಕಿಲೋಗಿಂತ ಹೆಚ್ಚು ಚರಸ್ ಸಿಕ್ಕಿತು. ಇಬ್ಬರಿಗೂ ಹತ್ತು ಹತ್ತು ವರ್ಷದ ಸೆರೆ. ಆಗ ಹೆಂಡತಿಯು ಗರ್ಭಿಣಿ. ಹೆರಿಗೆಯು ಸೆರೆಯಲ್ಲಿಯೇ ಆಯಿತು. ಮನೆಯವರು ಹೋರಾಡಿ, ನಮ್ಮ ಮಾದಕದ್ರವ್ಯ ನಿಯಂತ್ರಣ ಇಲಾಖೆಯವರು ಇಲ್ಲಿಯ ಜಾಲವನ್ನು ಹುಡುಕಿ ತೆಗೆದು, ಎರಡು ದೇಶಗಳ ಸರಕಾರಗಳ ನಡುವೆ ಓಲೆಗಳು ನಡೆದು, 2021ರಲ್ಲಿ ಪುನರ್ವಿಚಾರಣೆಯಾಗಿ ನಿರ್ದೋಷಿಗಳೆಂದು ಬಿಡುಗಡೆ ಹೊಂದಿ, ಕೈಗೂಸಿನೊಡನೆ ಮನೆಗೆ ಬಂದರು. ಆ ಹೆಂಗಸಿನ ಉಡುಪಿನ ವಿಷಯವನ್ನು ಕತಾರಿನಲ್ಲಿ ಯಾರೂ ಎತ್ತಲಿಲ್ಲವೆಂಬುದನ್ನು ನೆಂಟರು ಗಮನಿಸಲಿ.

ನಮ್ಮ ಊರುಗಳಲ್ಲಿ ಈ ಕಟ್ಟಿನ ಪದ್ಧತಿ ಎಷ್ಟು ಬಲವಾದುದೆಂಬುದು ಎಲ್ಲರಿಗೂ ಗೊತ್ತು. ಒಬ್ಬನು ಗಲ್ಫಿಗೆ ಹೊರಟನೆಂದರೆ ಹಿಂದಿನ ಸಂಜೆ ಅಂಗಳದಲ್ಲಿ ಕಟ್ಟುಗಳು ಬಂದು ಬೀಳುವುವು. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಒಣಮೀನು, ಯಾರದೋ ಮಗನಿಗೆ ಆಯುರ್ವೇದದ ಲೇಹ್ಯ. ಬೇಡವೆಂದರೆ ಮುಖ ಕೆಡುತ್ತದೆ. ಬಿಚ್ಚಿ ನೋಡುತ್ತೇನೆಂದರೆ ಅವಮಾನವಾಗುತ್ತದೆ. ನಾವು ಸ್ಪಷ್ಟವಾಗಿ ಹೇಳುತ್ತೇವೆ: ಮುಖ ಕೆಟ್ಟರೆ ಕೆಡಲಿ. ತಾವೇ ಕೊಂಡು, ತಾವೇ ಕಟ್ಟಿದ ವಸ್ತುವಿನ ಹೊರತು ಒಂದು ಹಪ್ಪಳವನ್ನೂ ಒಯ್ಯಬಾರದು. ತಾವೇ ಕಟ್ಟಿದುದರಲ್ಲಿಯೂ ವಿವೇಚನೆ ಬೇಕು. ಪಾಯಸಕ್ಕೆಂದು ಅತ್ತೆ ಕೊಟ್ಟ ಗಸಗಸೆಯು ಅಫೀಮಿನ ಗಿಡದ ಬೀಜವಾದುದರಿಂದ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಸೌದಿಯಲ್ಲಿಯೂ ಸಿಂಗಾಪುರದಲ್ಲಿಯೂ ನಿಷಿದ್ಧ. ದುಬೈಯ ಸುಂಕದವರು ವೀಳ್ಯದೆಲೆಯನ್ನೂ ಬಿಡುವುದಿಲ್ಲ. ಊಟವಾದ ಮೇಲೆ ಎಲೆಯಡಿಕೆಯಿಲ್ಲದೆ ಕೂರಲಾರದವರು ಕೆಲವು ದಿನ ವ್ರತ ಹಿಡಿಯಬೇಕು. ಕೊಡೀನ್ ಸೇರಿದ ಕೆಮ್ಮಿನ ಔಷಧಿ, ಟ್ರಾಮಡಾಲ್ ಎಂಬ ನೋವಿನ ಗುಳಿಗೆ, ಆಲ್ಪ್ರಜೊಲಾಮ್, ಡಯಾಜೆಪಾಮ್ ಮುಂತಾದ ನಿದ್ರೆಯ, ಆತಂಕದ ಗುಳಿಗೆಗಳು ಅಲ್ಲಿ ನಿಯಂತ್ರಿತ ವಸ್ತುಗಳು. ಮಣಿಪಾಲದ ವೈದ್ಯರು ಬರೆದುಕೊಟ್ಟದ್ದಾದರೂ ಸರಿ, ಅವರ ಸಹಿಯುಳ್ಳ ಚೀಟಿಯೂ, ಆ ದೇಶದ ಆರೋಗ್ಯ ಇಲಾಖೆಯ ಮುಂಗಡ ಅನುಮತಿಯೂ ಇಲ್ಲದೆ ಒಯ್ಯಬಾರದು. ಚೀಟಿಯಲ್ಲಿ ಔಷಧದ ಮೂಲನಾಮವಿರಲಿ. ಇಲ್ಲಿಯ ಕಂಪೆನಿಯ ಹೆಸರು ಅಲ್ಲಿಯವರಿಗೆ ಅರ್ಥವಾಗದು.

ಕಾಗದಪತ್ರಗಳ ಸಂಗತಿಯಲ್ಲಿ ಹೆಣ್ಣುಮಕ್ಕಳಿಗೆ ವಿಶೇಷವಾದ ತೊಡಕೊಂದಿದೆ. ನಮ್ಮ ಕಡೆ ಎಷ್ಟೋ ಹೆಂಗಸರಿಗೆ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರು. ಮನೆತನದ ಹೆಸರಿನ ಜಾಗ ಖಾಲಿ. ಅಂತಹವರಿಗೆ ಪ್ರವಾಸದ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ಗೊತ್ತುಪಡಿಸಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂದು ಆಮೇಲೆ ಸ್ವಲ್ಪ ಸಡಿಲಿಸಿತು. ಟಿಕೇಟು ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳತಕ್ಕುದು. ವಿವಾಹದ ನೋಂದಣಿಯೂ ಹಾಗೆಯೇ. ಸಾವಿರ ಜನ ಉಂಡು ಹರಸಿದ ಮದುವೆಗೆ ಸರಕಾರದ ಮೊಹರು ಬೇರೆ ಬೇಕೆ ಎಂಬ ಭಾವನೆ ನಮ್ಮ ಹಿರಿಯರಲ್ಲಿದೆ. ಎಲ್ಲ ಮತದವರ ವಿವಾಹಗಳನ್ನೂ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಹೇಳಿದೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮಾಡಿಸಿಕೊಳ್ಳಲು ಹೆಚ್ಚು ಖರ್ಚೂ ಇಲ್ಲ. ಹೋಟೆಲಿನವನು ಕೇಳುವನೋ ಬಿಡುವನೋ ಅದು ಸಣ್ಣ ಮಾತು. ಪರದೇಶದಲ್ಲಿ ಗಂಡನು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದಾಗ, ಅಥವಾ ಪೋಲೀಸರ ವಶದಲ್ಲಿದ್ದಾಗ, ನೀನು ಇವನಿಗೆ ಏನಾಗಬೇಕು ಎಂದು ಕೇಳಿದರೆ ತಂದೆಯ ಮನೆಯ ಹೆಸರಿನ ಪಾಸ್‌ಪೋರ್ಟು ಹಿಡಿದ ಹೆಂಗಸು ಕರಿಮಣಿಯನ್ನು ತೋರಿಸಿದರೆ ಆಗುವುದಿಲ್ಲ.

ಮೂರನೆಯದು ಮೊಬೈಲು. 2019ರ ಡಿಸೆಂಬರಿನಲ್ಲಿ ನಮ್ಮ ಉಡುಪಿ ಜಿಲ್ಲೆಯವರೇ ಆದ ದುಡಿಮೆಗಾರರೊಬ್ಬರನ್ನು, ಸೌದಿ ಯುವರಾಜರನ್ನು ನಿಂದಿಸಿ ಫೇಸ್‌ಬುಕ್ಕಿನಲ್ಲಿ ಬರೆದರೆಂದು ಅಲ್ಲಿಯ ಪೋಲೀಸರು ಹಿಡಿದರು. ಅವರ ಹೆಸರಿನಲ್ಲಿ ನಕಲಿ ಖಾತೆ ತೆರೆದು ಬರೆದವರು ಊರಿನ ಕಡೆಯ ಬೇರೆಯವರೆಂಬುದು, ಪತ್ನಿಯು ಇಲ್ಲಿ ದೂರಿತ್ತ ಮೇಲೆ ನಮ್ಮ ಪೋಲೀಸರ ತನಿಖೆಯಿಂದ ಹೊರಬಿದ್ದಿತು. ಆದರೂ ಅವರು ಊರಿಗೆ ಮರಳಿದುದು 2021ರ ಆಗಸ್ಟಿನಲ್ಲಿ. ತಾನು ಬರೆಯದ ಮಾತಿಗೆ ಒಂದೂಮುಕ್ಕಾಲು ವರ್ಷಕ್ಕೆ ಹತ್ತಿರ ಸೆರೆಯಾದರೆ, ಬರೆದ ಮಾತಿಗೆ ಎಷ್ಟಾಗಬಹುದು? ಪರಮತವನ್ನು ಹಳಿಯುವ ಸಂದೇಶಗಳು ನಮ್ಮ ಜಿಲ್ಲೆಯಲ್ಲಿ ಬೆಳಗಿನ ಹಾಲಿಗಿಂತ ಮೊದಲೇ ಮನೆಮನೆಗೆ ಮುಟ್ಟುತ್ತಿರುವುದನ್ನು ನಾವು ಬಲ್ಲೆವು. ಅಂತಹವನ್ನು ಮುಂದಕ್ಕೆ ರವಾನಿಸುವ ಚಟವುಳ್ಳವರು, ಬಜಪೆಯಲ್ಲಿ ವಿಮಾನವೇರುವ ಮುನ್ನ ಅದನ್ನು ಬಿಡಬೇಕು. ಮರಳಿ ಬಂದ ಮೇಲೆ ಪುನಃ ಹಿಡಿಯದಿದ್ದರೆ ಇನ್ನೂ ಮೇಲು.

ಅವರ ಕಟ್ಟುಪಾಡುಗಳ ಬಗ್ಗೆ ಇಷ್ಟು ಹೇಳಿದ ಮೇಲೆ ನಮ್ಮ ಬಗ್ಗೆಯೂ ಒಂದು ಮಾತು ಆಡದಿದ್ದರೆ ನ್ಯಾಯವಾಗದು. ಹೊರಗಿನವರ ಕಣ್ಣಿಗೆ ನಮ್ಮದೂ ಕಟ್ಟುನಿಟ್ಟಿನ ನಾಡೇ. 2015ರ ಅಕ್ಟೋಬರಿನಲ್ಲಿ ಬೆಂಗಳೂರಿನ ಉಪಾಹಾರಗೃಹವೊಂದರಲ್ಲಿ, ಆಸ್ಟ್ರೇಲಿಯದಿಂದ ಬಂದ ತರುಣನ ಕಾಲಿನ ಮೇಲೆ ಯಲ್ಲಮ್ಮ ದೇವಿಯ ಹಚ್ಚೆಯಿದ್ದುದನ್ನು ಕಂಡು ಕೆಲವರು ಅವನನ್ನೂ ಜೊತೆಯ ಯುವತಿಯನ್ನೂ ಸುತ್ತುವರಿದರು. ಕೊನೆಗೆ ಪೋಲೀಸರು ಅವನಿಂದಲೇ ಕ್ಷಮಾಪಣೆ ಬರೆಯಿಸಿಕೊಂಡರು. 2009ರ ಜನವರಿ 24ರಂದು ಮಂಗಳೂರಿನ ಪಾನಗೃಹವೊಂದಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದ ಮೊಕದ್ದಮೆಯು 2018ರಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳ ಬಿಡುಗಡೆಯಲ್ಲಿ ಮುಗಿಯಿತು. ರಿಯಾದಿನಲ್ಲಿ ಯಾವ ತಪ್ಪಿಗೆ ಎಷ್ಟು ಜುಲ್ಮಾನೆಯೆಂದು ಅಚ್ಚು ಹಾಕಿ ಹೇಳುವರು. ನಮ್ಮ ಬೀದಿಯಲ್ಲಿ ಹೊಡೆಯುವವನು ಯಾವ ಕಾಯಿದೆಯನ್ನೂ ತೋರಿಸಲಾರನು. ಕಾಯಿದೆಯೇನೋ ನಮ್ಮಲ್ಲಿ ಹೊಡೆಸಿಕೊಂಡವರ ಪರವಾಗಿಯೇ ಇದೆ. ನಿಟ್ಟೆಯ ಕಾಲೇಜಿನ ರಸ್ತೆಯಲ್ಲಿ ಜೊತೆಯಾಗಿ ನಡೆಯುವ ಹುಡುಗ ಹುಡುಗಿಯರನ್ನು ತಡೆದು ಹೆಸರು, ಜಾತಿ ಕೇಳಲು ಯಾರಿಗೂ ಅಧಿಕಾರವಿಲ್ಲ. ಸ್ವಂತ ದೇಶದಲ್ಲಿ ಕಾನೂನಿನ ಮರ್ಯಾದೆಯನ್ನು ಕಾಯದೆ ಪರದೇಶದ ಕಾನೂನನ್ನು ಕ್ರೂರವೆನ್ನಲು ನಮಗೆ ಬಾಯಿ ಇರುವುದೆ?

ಸರಕಾರವು ಮಾಡಬೇಕಾದ ಕೆಲಸವೊಂದಿದೆ. ವಿದೇಶಾಂಗ ಇಲಾಖೆಯು ಸಂಕಷ್ಟಕ್ಕೆ ಸಿಲುಕಿದವರ ದೂರುಗಳನ್ನು ಸ್ವೀಕರಿಸಲು 2015ರಲ್ಲಿ ‘ಮದದ್’ ಎಂಬ ಅಂತರ್ಜಾಲ ವ್ಯವಸ್ಥೆಯನ್ನು ತೆರೆದಿದೆ, ಉಪಯುಕ್ತವಾದುದೇ. ಆದರೆ ಅದು ಬಿದ್ದ ಮೇಲೆ ಎತ್ತುವ ಉಪಾಯ. ಇದಲ್ಲದೆ ವೀಸಾದ ನಿಯಮಗಳು ಸಹ ಋತುವಿಗೊಮ್ಮೆ ಬದಲಾಗುವುವು. ಇರಾನ್ ದೇಶವು 2024ರ ಫೆಬ್ರವರಿಯಲ್ಲಿ ನಮ್ಮ ಪ್ರವಾಸಿಗಳಿಗೆ ವೀಸಾ ಬೇಡವೆಂದು ಸಾರಿ, ಆ ಸೌಲಭ್ಯದ ಆಮಿಷ ತೋರಿಸಿ ಜನರನ್ನು ಮೋಸದಿಂದ ಕರೆದೊಯ್ದು ಅಪಹರಿಸಿದ ಪ್ರಕರಣಗಳಾದ ಮೇಲೆ 2025ರ ನವೆಂಬರಿನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಹಳೆಯ ಸುದ್ದಿಯನ್ನು ನಂಬಿ ಹೊರಟವರ ಗತಿಯೇನು? ಪಾಸ್‌ಪೋರ್ಟು ಕೈಗೆ ಕೊಡುವಾಗಲೇ, ಹೆಚ್ಚಿನ ನಮ್ಮ ಜನರು ಹೋಗುವ ಹತ್ತು ಹನ್ನೆರಡು ದೇಶಗಳಿಗೆ ಸಂಬಂಧಿಸಿ, ಒಯ್ಯಬಾರದ ವಸ್ತುಗಳು, ನಿಷಿದ್ಧವಾದ ಔಷಧಗಳು, ಸಾರ್ವಜನಿಕ ನಡತೆಯ ನಿಯಮಗಳು, ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ದೂರವಾಣಿ—ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಬಾರದೇಕೆ? ಆ ಹಾಳೆಯು ಕನ್ನಡದಲ್ಲಿರಬೇಕು. ಗಸಗಸೆ ಕಟ್ಟಿಕೊಡುವ ಅತ್ತೆಯು ಇಂಗ್ಲಿಷು ಓದುವುದಿಲ್ಲ. ಬಜಪೆಯ ನಿಲ್ದಾಣದಲ್ಲಿ, ಸಾಮಾನು ತೂಗುವ ಜಾಗಕ್ಕೆ ಬರುವ ಮೊದಲು ಎಲ್ಲರ ಕಣ್ಣಿಗೂ ಬೀಳುವಂತೆ ಅದೇ ಒಕ್ಕಣೆಯ ಫಲಕವನ್ನು ಕನ್ನಡದ ದೊಡ್ಡ ಅಕ್ಷರಗಳಲ್ಲಿ ನಿಲ್ಲಿಸಲಿ. ಅನುಮಾನವಿದ್ದವರು ಅಲ್ಲಿಯೇ ಬಿಚ್ಚಿ, ಬೀಳ್ಕೊಡಲು ಬಂದವರ ಕೈಗೆ ಕೊಟ್ಟು ಹೋಗಬಹುದು. ನಮ್ಮ ಎರಡು ಜಿಲ್ಲೆಗಳ ಲೋಕಸಭಾ ಸದಸ್ಯರು ಈ ವಿಷಯವನ್ನು ವಿದೇಶಾಂಗ ಇಲಾಖೆಯ ಮುಂದಿಟ್ಟು, ಬಂದ ಉತ್ತರವನ್ನು ಪ್ರಕಟಿಸಬೇಕೆಂದು ಕೋರುತ್ತೇವೆ.